ಗೀಸರ್ ಕಾಯುತ್ತಿಲ್ಲವೇ? ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಇಷ್ಟು ನೋಡಿ

ರಾಯಚೂರಿನಲ್ಲಿ ಗೀಸರ್‌ಗೆ ವರ್ಷದ ಬಹುಪಾಲು ರಜೆಯೇ. ಏಪ್ರಿಲ್‌, ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಟಾಕಿಯ ನೀರೇ ಮೈಮೇಲೆ ಹಾಕಿಕೊಳ್ಳಲಾಗದಷ್ಟು ಕಾದಿರುತ್ತದೆ. ಬಕೆಟ್ ತುಂಬಿಸಿ ಆರಲು ಬಿಡಬೇಕು. ದೀಪಾವಳಿ ದಾಟಿ, ಬೆಳಗಿನ ಗಾಳಿ ತಣ್ಣಗಾದಾಗಲೇ ಬಚ್ಚಲಿನ ಗೋಡೆಯ ಮೇಲೊಂದು ಗೀಸರ್ ಇದೆ ಎಂಬುದು ನೆನಪಾಗುವುದು. ಸ್ವಿಚ್ ಒತ್ತುತ್ತೇವೆ. ಕೆಲವರ ಮನೆಯಲ್ಲಿ ದೀಪವೇ ಹತ್ತುವುದಿಲ್ಲ. ಕೆಲವರಲ್ಲಿ ದೀಪ ಹತ್ತುತ್ತದೆ, ನೀರು ಮಾತ್ರ ಹಾಗೇ ತಣ್ಣಗೆ. ಇನ್ನು ಕೆಲವರಲ್ಲಿ ಇಡೀ ಮನೆಯ ಕರೆಂಟೇ ಹೋಗುತ್ತದೆ. ಊರಿನವರೆಲ್ಲ ಒಂದೇ ವಾರದಲ್ಲಿ ಫೋನ್ ಮಾಡುವುದರಿಂದ ಮೆಕ್ಯಾನಿಕ್ ಸಿಗುವುದೂ ಕಷ್ಟ.

"ಗೀಸರ್ ಕಾಯವಲ್ದ್ರಿ, ಲಗೂನ ಬರ್ರಿ" ಅಂದರೆ ಅತ್ತ ಕಡೆಯಿಂದ ಬರುವ ಮೊದಲ ಪ್ರಶ್ನೆ, "ಟಾಕಿಯಾಗ ನೀರು ಐತೇನ್ರಿ, ಮೊದಲ ಅದನ್ನ ನೋಡ್ರಿ." ಕೇಳಲು ತಮಾಷೆ ಅನ್ನಿಸುತ್ತದೆ. ಆದರೆ ಗೀಸರ್ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾದರೆ ಆತ ಅದನ್ನೇ ಮೊದಲು ಯಾಕೆ ಕೇಳಿದ ಎಂಬುದೂ ಗೊತ್ತಾಗುತ್ತದೆ. ಮುಚ್ಚಳ ಬಿಚ್ಚದೆ, ಸ್ಕ್ರೂಡ್ರೈವರ್ ಮುಟ್ಟದೆ ಮನೆಯವರೇ ನೋಡಬಹುದಾದದ್ದು ಸಾಕಷ್ಟಿದೆ. ಎಲ್ಲಿ ಕೈ ಹಿಂದೆ ತೆಗೆಯಬೇಕು ಎಂಬುದೂ ಅಷ್ಟೇ ಮುಖ್ಯ.

ಆ ಡಬ್ಬಿಯ ಒಳಗೆ ಏನಿದೆ

ಸಾಮಾನ್ಯ ಸ್ಟೋರೇಜ್ ಗೀಸರ್ ಅಂದರೆ 10, 15 ಅಥವಾ 25 ಲೀಟರ್ ಹಿಡಿಯುವ ಲೋಹದ ಟ್ಯಾಂಕ್. ಅದರ ಸುತ್ತ ಶಾಖ ಹೊರಹೋಗದಂತೆ ಫೋಮ್‌, ಅದರ ಮೇಲೆ ನಮಗೆ ಕಾಣುವ ಹೊರಕವಚ. ಟ್ಯಾಂಕಿನೊಳಗೆ ನೀರಲ್ಲಿ ಮುಳುಗಿರುವ ಕಾಯಿಲ್‌ಗೆ ಎಲಿಮೆಂಟ್ ಎಂದೂ ಹೇಳುತ್ತಾರೆ. ಕರೆಂಟ್ ಹರಿದಾಗ ಕಾಯುವುದು ಇದೇ. ನೀರು ನಾವು ಇಟ್ಟಷ್ಟು ಬಿಸಿಯಾದ ಮೇಲೆ ಕಾಯಿಲ್‌ಗೆ ಹೋಗುವ ಕರೆಂಟ್ ತಡೆಯುವುದು ಥರ್ಮೋಸ್ಟಾಟ್. ಅದು ಕೆಟ್ಟು ನೀರು ಮಿತಿಮೀರಿ ಕಾದರೆ ಕರೆಂಟನ್ನು ಪೂರ್ತಿ ಕಡಿಯಲು ಇನ್ನೊಂದು ಸಾಧನವಿದೆ, ಅದು ಥರ್ಮಲ್ ಕಟ್‌ಔಟ್. ಅದೂ ಕೈಕೊಟ್ಟು ಒಳಗಿನ ಒತ್ತಡ ಏರಿದರೆ ನೀರನ್ನು ಹೊರಗೆ ಬಿಡಲು ಸೇಫ್ಟಿ ವಾಲ್ವ್. ಒಂದು ಸೋತರೆ ಇನ್ನೊಂದು ಕಾಯಲಿ ಎಂದು ಮೂರು ಕಾವಲು ಇಟ್ಟಿದ್ದಾರೆ.

ಗೀಸರ್‌ನ ಕೆಳಗೆ ಎರಡು ಪೈಪ್‌ಗಳಿರುತ್ತವೆ. ನೀಲಿ ಗುರುತಿನದು ತಣ್ಣೀರು ಒಳಬರುವ ದಾರಿ, ಕೆಂಪು ಗುರುತಿನದು ಬಿಸಿನೀರು ಹೊರಹೋಗುವ ದಾರಿ. ತಣ್ಣೀರು ಟ್ಯಾಂಕಿನ ತಳಕ್ಕೆ ಬಂದು ಬೀಳುತ್ತದೆ. ಬಿಸಿನೀರಿನ ಪೈಪ್ ಮಾತ್ರ ಒಳಗೆ ಮೇಲಿನವರೆಗೆ ಹೋಗಿ ಅಲ್ಲಿಂದ ನೀರು ತೆಗೆದುಕೊಳ್ಳುತ್ತದೆ. ಗೀಸರ್‌ಗೆ ತನ್ನದೇ ಪಂಪ್ ಇಲ್ಲ. ರಶ್ಶಾದ ಬಸ್ಸಿಗೆ ಹಿಂದಿನ ಬಾಗಿಲಿನಿಂದ ಜನ ಹತ್ತಿದಂತೆಲ್ಲ ಮುಂದಿನ ಬಾಗಿಲಲ್ಲಿದ್ದವರು ತಾವಾಗಿಯೇ ಕೆಳಗಿಳಿಯುತ್ತಾರಲ್ಲ, ಇಲ್ಲೂ ಹಾಗೆಯೇ: ಕೆಳಗಿನಿಂದ ತಣ್ಣೀರು ತಳ್ಳಿದರೆ ಮಾತ್ರ ಮೇಲಿನ ಬಿಸಿನೀರು ಹೊರಬರುತ್ತದೆ. ಮಾಳಿಗೆ ಮೇಲಿನ ಟಾಕಿ ಖಾಲಿಯಾಗಿದ್ದರೆ ಗೀಸರ್ ತುಂಬ ಬಿಸಿನೀರಿದ್ದರೂ ಒಂದು ತಂಬಿಗೆಯೂ ಬಾರದು. ಮೆಕ್ಯಾನಿಕ್ ಕೇಳಿದ್ದು ಇದಕ್ಕೇ.

ಮೊದಲು ನೀರು, ಆಮೇಲೆ ಕರೆಂಟ್

ತಿಂಗಳುಗಟ್ಟಲೆ ಬಳಸದ ಗೀಸರ್‌ನ ಸ್ವಿಚ್ಚನ್ನು ನೇರವಾಗಿ ಹಾಕಬಾರದು. ಮೊದಲು ಬಿಸಿನೀರಿನ ನಲ್ಲಿ ತಿರುಗಿಸಿ, ಎರಡು ನಿಮಿಷ ನೀರು ಹರಿಯಲು ಬಿಡಿ. ಧಾರೆ ತಡೆಯಿಲ್ಲದೆ, ಗಾಳಿ ಉಗುಳದೆ ಬರುತ್ತಿದ್ದರೆ ಟ್ಯಾಂಕ್ ತುಂಬಿದೆ ಎಂದರ್ಥ. ಬೇಸಿಗೆಯಲ್ಲಿ ಯಾರೋ ಪ್ಲಂಬರ್ ಪೈಪ್ ಬದಲಿಸಲು ಬಂದು ಗೀಸರ್ ಖಾಲಿ ಮಾಡಿ ಹೋಗಿರಬಹುದು. ನೀರಿಲ್ಲದ ಟ್ಯಾಂಕಿನಲ್ಲಿ ಕಾಯಿಲ್ ಕಾದರೆ ಸುಟ್ಟು ಹೋಗಲು ಹೆಚ್ಚು ಹೊತ್ತು ಬೇಕಿಲ್ಲ.

ತಣ್ಣೀರು ಜೋರಾಗಿ ಬರುತ್ತಿದ್ದು ಬಿಸಿನೀರಿನ ನಲ್ಲಿ ಮಾತ್ರ ಸಣ್ಣಗೆ ಹರಿಯುತ್ತಿದೆಯೇ? ಗೀಸರ್ ಕೆಳಗಿನ ಆಂಗಲ್ ವಾಲ್ವ್, ಅಂದರೆ ಪೈಪಿನ ನೀರು ತಡೆಯುವ ಚಿಕ್ಕ ತಿರುಪು, ಪೂರ್ತಿ ತೆರೆದಿದೆಯೇ ನೋಡಿ. ತೆರೆದಿದ್ದರೂ ಸಣ್ಣಗೆ ಬಂದರೆ ನಲ್ಲಿಯ ಬಾಯಲ್ಲಿರುವ ಜಾಲರಿ ಬಿಚ್ಚಿ ನೋಡಿ. ನಮ್ಮ ಕಡೆ ಅದರಲ್ಲಿ ಬಿಳಿ ಚೂರುಗಳು ಸಿಕ್ಕಿಕೊಂಡಿರುವುದೇ ಹೆಚ್ಚು. ಅವು ಎಲ್ಲಿಂದ ಬಂದವು ಎಂಬುದು ಮುಂದೆ ಬರುತ್ತದೆ.

ದೀಪವೇ ಹತ್ತದಿದ್ದರೆ

2000 ವಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಕರೆಂಟ್ ಎಳೆಯುತ್ತದೆ, ನೀರು ಹರಿಯುತ್ತಿದ್ದಂತೆಯೇ ಕಾಯಿಸುವ 3000 ವಾಟ್‌ನ ಚಿಕ್ಕ ಇನ್‌ಸ್ಟಂಟ್ ಗೀಸರ್ 13 ಆಂಪಿಯರ್. ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಸಾಕೆಟ್ ಇದನ್ನು ತಾಳುವುದಿಲ್ಲ. ಗೀಸರ್‌ಗೆ ದಪ್ಪ ಮೂರು ಪಿನ್‌ಗಳ 16 ಆಂಪಿಯರ್ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಮೂಲಕ ಗೀಸರ್ ಓಡಿಸುವುದು ಬೆಂಕಿಯನ್ನು ಮನೆಗೆ ಕರೆದಂತೆಯೇ.

ಮೀಟರ್ ಬೋರ್ಡಿನ ಹತ್ತಿರ ಗೀಸರ್‌ಗೆಂದೇ ಇರುವ ಎಂಸಿಬಿ, ಅಂದರೆ ತೊಂದರೆಯಾದಾಗ ತಾನಾಗಿ ಆಫ್ ಆಗುವ ಚಿಕ್ಕ ಸ್ವಿಚ್, ಕೆಳಗೆ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಗೀಸರ್ ಸ್ವಿಚ್ ಆಫ್ ಮಾಡಿಕೊಂಡು ಎಂಸಿಬಿಯನ್ನು ಮೇಲಕ್ಕೆತ್ತಿ, ಆಮೇಲೆ ಸ್ವಿಚ್ ಹಾಕಿ. ಅದು ಬಿದ್ದಿಲ್ಲವೆಂದರೆ ಎಂಸಿಬಿ ಆಫ್ ಮಾಡಿ, ಒಣ ಕೈಯಿಂದ ಪ್ಲಗ್ ಎಳೆದು ಪಿನ್‌ಗಳನ್ನು ನೋಡಿ. ಪಿನ್ ಕಪ್ಪಾಗಿದ್ದರೆ, ಸಾಕೆಟ್ಟಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಸಾಕೆಟ್‌ನ ಹಿಡಿತ ಸಡಿಲವಾಗಿ ಅಲ್ಲೇ ಕಾದಿದೆ ಎಂದರ್ಥ. ಇದು ಎಲೆಕ್ಟ್ರಿಷಿಯನ್ ಕೆಲಸ, ಗೀಸರ್ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಟೆಸ್ಟರ್ ಇಟ್ಟಾಗ ದೀಪ ಬಂತು, ಆದ್ದರಿಂದ ಕರೆಂಟ್ ಸರಿಯಾಗಿದೆ ಎಂದುಕೊಳ್ಳಬೇಡಿ. ಟೆಸ್ಟರ್ ತೋರಿಸುವುದು ಕರೆಂಟ್ ಬರುವ ಫೇಸ್ ವೈರನ್ನು ಮಾತ್ರ. ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರ್ ಕಡಿದಿದ್ದರೂ ಟೆಸ್ಟರ್ ಹತ್ತುತ್ತದೆ, ಗೀಸರ್ ಮಾತ್ರ ಹತ್ತುವುದಿಲ್ಲ.

ಪವರ್ ದೀಪ ಹತ್ತುತ್ತದೆ, ತಣ್ಣೀರು ತುಂಬಿದ್ದರೂ ಹೀಟಿಂಗ್ ದೀಪ ಹತ್ತುವುದಿಲ್ಲ ಅಂತಾದರೆ ಎಷ್ಟು ಬಿಸಿ ಬೇಕೆಂದು ಹೊಂದಿಸುವ ಹೊರಗಿನ ಗುಂಡಿಯನ್ನು ಹೆಚ್ಚಿಗೆ ತಿರುಗಿಸಿ ನೋಡಿ. ಆಗಲೂ ಹತ್ತದಿದ್ದರೆ ಅನುಮಾನ ಥರ್ಮೋಸ್ಟಾಟ್ ಅಥವಾ ಕಟ್‌ಔಟ್ ಮೇಲೆ. ಅನೇಕ ಮಾಡೆಲ್‌ಗಳಲ್ಲಿ ಮುಚ್ಚಳದೊಳಗೆ ಕಟ್‌ಔಟ್‌ನ ಚಿಕ್ಕ ರೀಸೆಟ್ ಬಟನ್ ಇರುತ್ತದೆ, ಅದನ್ನು ಒತ್ತುವುದನ್ನು ತೋರಿಸುವ ವಿಡಿಯೋಗಳಿಗೂ ಕೊರತೆಯಿಲ್ಲ. ಆದರೆ ಕಟ್‌ಔಟ್ ಸುಮ್ಮನೆ ಬೀಳುವುದಿಲ್ಲ, ನೀರು ಮಿತಿಮೀರಿ ಕಾದದ್ದಕ್ಕೇ ಬಿದ್ದಿರುತ್ತದೆ. ಕಾರಣ ಹುಡುಕದೆ ಬಟನ್ ಒತ್ತಿದರೆ ಮೂರು ಕಾವಲಿನಲ್ಲಿ ಒಂದನ್ನು ನಾವೇ ಮನೆಗೆ ಕಳಿಸಿದ ಹಾಗೆ. ಮುಚ್ಚಳ ಬಿಚ್ಚಿದರೆ ವಾರಂಟಿಯೂ ಹೋಗಬಹುದು.

ಸ್ವಿಚ್ ಹಾಕಿದ ಕೂಡಲೇ ಮನೆಯ ಕರೆಂಟ್ ಹೋದರೆ

ಮೆಯಿನ್ ಬೋರ್ಡಿನಲ್ಲಿ ಎಂಸಿಬಿಗಿಂತ ಅಗಲವಾಗಿ, ಟೆಸ್ಟ್ ಬಟನ್ ಇರುವ ಇನ್ನೊಂದು ಸಾಧನವಿರುತ್ತದೆ. ಅದು ಆರ್‌ಸಿಸಿಬಿ. ಎಂಸಿಬಿ ಬೀಳುವುದು ಹೊರೆ ಹೆಚ್ಚಾದರೆ ಅಥವಾ ಶಾರ್ಟ್ ಆದರೆ. ಆರ್‌ಸಿಸಿಬಿ ಕೆಲಸ ಬೇರೆ: ಹೋದ ಕರೆಂಟೆಲ್ಲ ವಾಪಸ್ ಬಂತೇ ಎಂದು ಅದು ಲೆಕ್ಕ ಇಡುತ್ತದೆ. ಸ್ವಲ್ಪ ಕರೆಂಟ್ ನೀರಿನ ಮೂಲಕವೋ ಮನುಷ್ಯನ ಮೈ ಮೂಲಕವೋ ನೆಲಕ್ಕೆ ಹರಿದರೆ ಲೆಕ್ಕ ತಪ್ಪುತ್ತದೆ, ತಕ್ಷಣ ಕಡಿಯುತ್ತದೆ. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿಯ ಮಿತಿ ಸಾಮಾನ್ಯವಾಗಿ 30 ಮಿಲಿಆಂಪಿಯರ್.

ಗೀಸರ್ ಆಫ್ ಇದ್ದಾಗ ಬೀಳದೆ ನಿಲ್ಲುವ ಆರ್‌ಸಿಸಿಬಿ, ಗೀಸರ್ ಹಾಕಿದಾಗ ಬೀಳುತ್ತಿದ್ದರೆ ತೊಂದರೆ ಗೀಸರ್‌ನಲ್ಲೇ ಇದೆ. ವರ್ಷದಲ್ಲಿ ಹೆಚ್ಚು ಕಾಲ ಸುಮ್ಮನಿರುವ ನಮ್ಮೂರಿನ ಗೀಸರ್‌ಗಳಿಗೆ ಇದಕ್ಕೊಂದು ವಿಶೇಷ ಕಾರಣವೂ ಇದೆ. ಕಾಯಿಲ್ ಅಂದರೆ ಒಂದು ಲೋಹದ ಕೊಳವೆ. ಅದರ ನಡುವೆ ಕಾಯುವ ತಂತಿ, ತಂತಿಗೂ ಕೊಳವೆಗೂ ಮಧ್ಯೆ ಮೆಗ್ನೀಸಿಯಂ ಆಕ್ಸೈಡ್ ಪುಡಿ. ಈ ಪುಡಿ ಶಾಖ ಬಿಡುತ್ತದೆ, ಕರೆಂಟ್ ಬಿಡುವುದಿಲ್ಲ. ಆದರೆ ಗಾಳಿಯ ತೇವ ಹೀರುವ ಗುಣ ಅದಕ್ಕಿದೆ. ತಿಂಗಳುಗಟ್ಟಲೆ ಬಳಸದೆ ಬಿಟ್ಟಾಗ ಕೊಳವೆಯ ತುದಿಯಿಂದ ತೇವ ಒಳಸೇರಿ, ಮೊದಲ ಸಲ ಸ್ವಿಚ್ ಹಾಕಿದಾಗ ಕರೆಂಟ್ ಸೋರಬಹುದು. ಕಾಯಿಲ್ ಸೀಳಿದ್ದರೂ ಇದೇ ಲಕ್ಷಣ. ಎರಡರಲ್ಲಿ ಯಾವುದು ಎಂದು ಮೆಕ್ಯಾನಿಕ್ ಮೆಗ್ಗರ್ ಎಂಬ ಸಾಧನ ಹಿಡಿದು ಅಳೆದು ಹೇಳಬೇಕು. ಮತ್ತೆ ಮತ್ತೆ ಆರ್‌ಸಿಸಿಬಿ ಎತ್ತಿ ನೋಡುವುದರಿಂದ ಗೊತ್ತಾಗುವಂಥದ್ದಲ್ಲ. "ಅದೊಂದು ಕಿರಿಕಿರಿ, ತೆಗೆದು ನೇರ ಕೊಡ್ತೀನ್ರಿ" ಎನ್ನುವ ಎಲೆಕ್ಟ್ರಿಷಿಯನ್ ಬಂದರೆ ಚಹಾ ಕುಡಿಸಿ ಕಳಿಸಿಬಿಡಿ.

ನೀರು ಮುಟ್ಟಿದರೆ, ನಲ್ಲಿ ಹಿಡಿದರೆ ಜುಂ ಅನ್ನುತ್ತದೆ ಅಂತ ಮನೆಯಲ್ಲಿ ಯಾರಾದರೂ ಹೇಳಿದರೆ, ಅದು ಚಿಕ್ಕ ಮಗುವಿನ ಮಾತಾದರೂ ಸರಿ, ಅಲ್ಲಿಗೆ ಪರೀಕ್ಷೆ ಮುಗಿಯಿತು. ಗೀಸರ್‌ನ ಎಂಸಿಬಿ ಆಫ್ ಮಾಡಿ, ದುರಸ್ತಿಯಾಗುವವರೆಗೆ ಆ ಬಚ್ಚಲು ಬಳಸಬೇಡಿ. ಇಂಥ ಹೊತ್ತಲ್ಲಿ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಕೂಡ ನೋಡಿಸಬೇಕು. ಇದ್ದಿಲು, ಉಪ್ಪು ಹಾಕಿ ಮಾಡಿದ ಹಳೆಯ ಅರ್ಥ್ ಗುಂಡಿಗಳು ತೇವ ಇದ್ದರಷ್ಟೇ ಸರಿಯಾಗಿ ಕೆಲಸ ಮಾಡುತ್ತವೆ. ಬೇಸಿಗೆಯಲ್ಲಿ ಇಲ್ಲಿನ ಎರೆಮಣ್ಣು ಕೈ ತೂರುವಷ್ಟು ಬಿರುಕು ಬಿಡುತ್ತದೆ. ಆ ಗುಂಡಿಗೆ ಕಾಲಕಾಲಕ್ಕೆ ಒಂದೆರಡು ಕೊಡ ನೀರು ಹಾಕುವ ಮನೆಗಳು ಕಡಿಮೆ.

ಕಾಯುತ್ತದೆ, ಆದರೆ ಸಾಲುತ್ತಿಲ್ಲ

ಇದು ದೋಷವೋ ನಮ್ಮ ನಿರೀಕ್ಷೆಯೋ ಎಂದು ಲೆಕ್ಕ ಹಾಕಿ ನೋಡಬಹುದು. ಟಾಕಿಯ ನೀರು 20 ಡಿಗ್ರಿ ಇದೆ, ಗೀಸರ್ ಅದನ್ನು 60 ಡಿಗ್ರಿಗೆ ಏರಿಸಬೇಕು ಎಂದುಕೊಳ್ಳಿ. 2000 ವಾಟ್ ಕಾಯಿಲ್ 15 ಲೀಟರ್ ಕಾಯಿಸಲು ಸುಮಾರು 21 ನಿಮಿಷ, 25 ಲೀಟರ್‌ಗೆ 35 ನಿಮಿಷ ತೆಗೆದುಕೊಳ್ಳುತ್ತದೆ. ಹತ್ತು ನಿಮಿಷಕ್ಕೇ ನಲ್ಲಿ ಬಿಟ್ಟು "ಕಾಯವಲ್ದು" ಅಂದರೆ ಗೀಸರ್ ತಪ್ಪಲ್ಲ. ಆ 15 ಲೀಟರ್‌ಗೆ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ 30 ಲೀಟರ್ ಸ್ನಾನದ ನೀರಾಗುತ್ತದೆ, ಅಂದರೆ ಎರಡು ಬಕೆಟ್ ಒಳಗೆ. ಒಬ್ಬರ ಹಿಂದೆ ಒಬ್ಬರು ಬಚ್ಚಲಿಗೆ ಹೋದರೆ ಎರಡನೆಯವರಿಗೆ ತಣ್ಣೀರೇ ಗತಿ, ಗೀಸರ್ ಹೊಸದಾದರೂ.

ವೋಲ್ಟೇಜ್ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಕಾಯಿಲ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಬದಲು 180 ವೋಲ್ಟ್ ಬಂದರೆ ವೋಲ್ಟೇಜ್ ಕಡಿಮೆಯಾದದ್ದು ಶೇ 22ರಷ್ಟು, ಆದರೆ ಕಾಯಿಸುವ ಶಕ್ತಿ ಶೇ 61ಕ್ಕೆ ಬಂದು ನಿಲ್ಲುತ್ತದೆ. 21 ನಿಮಿಷದ ಕೆಲಸಕ್ಕೆ 34 ನಿಮಿಷ. ಪಕ್ಕದ ಶಕ್ತಿನಗರದಲ್ಲಿ ರಾಜ್ಯಕ್ಕೇ ಕರೆಂಟ್ ಕೊಡುವ ಶಾಖೋತ್ಪನ್ನ ಕೇಂದ್ರವಿದ್ದರೂ ಜಿಲ್ಲೆಯ ಹಳ್ಳಿಗಳ ಲೈನಿನ ಕೊನೆಯ ಮನೆಗೆ ಎಷ್ಟು ವೋಲ್ಟ್ ತಲುಪುತ್ತದೆ ಎಂಬುದು ಬೇರೆ ವಿಷಯ. ಫ್ಯಾನ್ ನಿಧಾನ ತಿರುಗುತ್ತಿದ್ದರೆ, ಬಲ್ಬ್ ಮಂಕಾಗಿದ್ದರೆ ಇಲ್ಲಿಗೆ ಕರೆಂಟ್ ಪೂರೈಸುವ ಜೆಸ್ಕಾಂನ 1912ಕ್ಕೆ ಹೇಳಬೇಕಾದ ದೂರು ಅದು. 3 ಲೀಟರ್‌ನ ಇನ್‌ಸ್ಟಂಟ್ ಗೀಸರ್ ಇದ್ದವರು ನಲ್ಲಿ ಸಣ್ಣಗೆ ಬಿಡಬೇಕು: ನೀರನ್ನು 15 ಡಿಗ್ರಿ ಏರಿಸಬೇಕಾದರೆ 3000 ವಾಟ್‌ಗೆ ನಿಮಿಷಕ್ಕೆ ಮೂರು ಲೀಟರ್ ಕೂಡ ಪೂರ್ತಿ ನಿಭಾಯಿಸಲಾಗದು.

ಇವೆಲ್ಲ ಸರಿಯಿದ್ದೂ ನೀರು ಉಗುರುಬೆಚ್ಚಗೇ ಬರುತ್ತಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಗೀಸರ್ ಸ್ವಿಚ್ ಆಫ್ ಮಾಡಿ. ಗೀಸರ್‌ಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ. ಈಗ ಬಿಸಿನೀರಿನ ನಲ್ಲಿ ತೆರೆದರೆ ನೀರು ಸ್ವಲ್ಪ ಹೊತ್ತಿನಲ್ಲೇ ನಿಲ್ಲಬೇಕು, ಏಕೆಂದರೆ ತಳ್ಳುವವರು ಇಲ್ಲ. ನಿಲ್ಲದೆ ಹರಿಯುತ್ತಲೇ ಇದ್ದರೆ ತಣ್ಣೀರು ಎಲ್ಲಿಂದಲೋ ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ. ಬಿಸಿ ಮತ್ತು ತಣ್ಣನೆಯ ಎರಡೂ ಹಿಡಿಗಳನ್ನು ತೆರೆದಿಟ್ಟು, ಕೈ ಶವರ್‌ನ ತುದಿಯನ್ನಷ್ಟೇ ಮುಚ್ಚುವ ಅಭ್ಯಾಸವಿರುವ ಮನೆಗಳಲ್ಲಿ ಇದು ಮಾಮೂಲು. ಒಳಗಿನ ವಾಷರ್ ಸವೆದ ಮಿಕ್ಸರ್ ನಲ್ಲಿಯೂ ಹೀಗೇ ಮಾಡುತ್ತದೆ. ಪ್ಲಂಬರ್ ಸರಿಮಾಡುವ ಕೆಲಸ ಇದು. ಗೀಸರ್‌ನ ಥರ್ಮೋಸ್ಟಾಟ್ ಬದಲಿಸಿ ದುಡ್ಡು ಕೊಟ್ಟರೂ ನೀರು ಉಗುರುಬೆಚ್ಚಗೇ ಬರುತ್ತದೆ. ಪರೀಕ್ಷೆ ಮುಗಿದ ಮೇಲೆ ವಾಲ್ವ್ ತೆರೆದು, ನಲ್ಲಿಯಲ್ಲಿ ನೀರು ಬಂದ ಮೇಲೆ ಮಾತ್ರ ಸ್ವಿಚ್ ಹಾಕಿ.

ಸವಳು ನೀರು ಮಾಡುವ ಹಾನಿ

ಬೋರಿನ ನೀರಲ್ಲಿ ಬ್ಯಾಳಿ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ ಎಂದು ಇಲ್ಲಿನ ಅಡುಗೆಮನೆಗಳಲ್ಲಿ ಹೇಳುತ್ತಾರೆ. ಅದೇ ನೀರು ಗೀಸರ್‌ನ ಆಯುಷ್ಯವನ್ನೂ ತಿನ್ನುತ್ತದೆ. ಕೃಷ್ಣೆಯದೋ ತುಂಗಭದ್ರೆಯದೋ ನಳದ ನೀರು ಬರುವ ದಿನ ಅದು, ಬಾರದ ದಿನ ಬೋರ್ ಎಂದು ಎರಡೂ ಒಂದೇ ಟಾಕಿಗೆ ಹೋಗುವ ಮನೆಗಳೇ ಹೆಚ್ಚು. ನೆಲದಾಳದ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಗಡಸುತನದ ಮಿತಿ ಲೀಟರ್‌ಗೆ 200 ಮಿಲಿಗ್ರಾಂ. ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನೀರು ಕಾದಾಗ ಬೈಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಹಳೆಯ ಹಂಡೆಯ ಒಳಗೋಡೆಗೆ ಹತ್ತಿರುತ್ತಿದ್ದ ಬಿಳಿ ಪದರ ಅದೇ. ಗೀಸರ್‌ನಲ್ಲಿ ಅದು ಎಲ್ಲಕ್ಕಿಂತ ಬಿಸಿಯಾದ ಜಾಗ ಹುಡುಕಿ ಕೂರುತ್ತದೆ, ಅಂದರೆ ಕಾಯಿಲ್ ಮೇಲೆ.

ಬೋರಿನ ನೀರಿನ ಮನೆಯಲ್ಲಿ ಮೆಕ್ಯಾನಿಕ್ ಕಾಯಿಲ್ ಹೊರಗೆಳೆಯುವುದನ್ನು ಒಮ್ಮೆ ನಿಂತು ನೋಡಬೇಕು. ತಳದ ನಟ್ಟುಗಳು ಬಿಚ್ಚಿದ ಮೇಲೂ ಅದು ಸುಲಭಕ್ಕೆ ಬಾರದು, ಆಚೀಚೆ ಅಲುಗಿಸಿ ಎಳೆಯಬೇಕು. ಕಿರುಬೆರಳಿಗಿಂತ ಸಣ್ಣಗಿರಬೇಕಾದ ಕೊಳವೆ ಹೆಬ್ಬೆರಳಿಗಿಂತ ದಪ್ಪವಾಗಿ, ಬೂದು ಬಿಳಿ ಬಣ್ಣದ ಹೆಕ್ಕಳಿಕೆ ಹೊದ್ದು ಬರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಚಪ್ಪಟೆ ಚೂರುಗಳು ಬಕೆಟ್ಟಿಗೆ ಟಪಟಪ ಉದುರುತ್ತವೆ. ಟ್ಯಾಂಕಿನ ತಳದಲ್ಲಿ ಕೈಯಾಡಿಸಿದರೆ ಒದ್ದೆ ಸುಣ್ಣದ ಕೆಸರು.

ಇಷ್ಟು ಹೊದ್ದಿಕೊಂಡ ಕಾಯಿಲ್‌ನ ಶಾಖ ನೀರಿಗೆ ಬೇಗ ದಾಟುವುದಿಲ್ಲ. ಕಾಯಿಲ್ ತಾನೇ ಅತಿಯಾಗಿ ಕಾದು ಕೊನೆಗೆ ಸೀಳುತ್ತದೆ. ಅದಕ್ಕೂ ಮುಂಚೆ ಗೀಸರ್ ಒಳಗಿಂದ ಗೊರಗೊರ, ಟಕಟಕ ಸದ್ದು ಕೇಳಿಸುತ್ತದೆ; ಪದರದ ಅಡಿಯಲ್ಲಿ ಸಿಕ್ಕಿಬಿದ್ದ ನೀರು ಆವಿಯಾಗಿ ಒಡೆಯುವ ಸದ್ದು ಅದು. ಆ ಹಂತದಲ್ಲೇ ಸ್ವಚ್ಛ ಮಾಡಿಸಿದರೆ ಕಾಯಿಲ್ ಉಳಿಯಬಹುದು.

ನಲ್ಲಿಯ ಜಾಲರಿಯಲ್ಲಿ ಸಿಕ್ಕ ಬಿಳಿ ಚೂರಿನ ಮೇಲೆ ನಿಂಬೆರಸ ಹಿಂಡಿ ನೋಡಿ. ಗುಳ್ಳೆ ಎದ್ದರೆ ಅದು ಈ ಸುಣ್ಣವೇ. ಜಾಲರಿಯನ್ನು ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿದರೆ ಹಸನಾಗುತ್ತದೆ. ಟ್ಯಾಂಕಿನೊಳಗೆ ಮಾತ್ರ ನೀವಾಗಿ ಯಾವ ಆಸಿಡ್ಡನ್ನೂ ಸುರಿಯಬೇಡಿ, ಒಳಲೇಪ ಹಾಳಾಗುತ್ತದೆ. ಗುಂಡಿಯನ್ನು 75ಕ್ಕೆ ಇಡುವ ಬದಲು 55-60ರ ಆಸುಪಾಸಿನಲ್ಲಿ ಇಟ್ಟರೆ ಸುಣ್ಣ ಕೂರುವ ವೇಗ ತಗ್ಗುತ್ತದೆ.

ಟ್ಯಾಂಕಿನೊಳಗೆ ಇನ್ನೊಂದು ಸರಳು ಇರುತ್ತದೆ, ಅದರ ಹೆಸರು ಆನೋಡ್. ಮೆಗ್ನೀಸಿಯಂ ಸರಳು ಅದು. ಟ್ಯಾಂಕಿನ ಉಕ್ಕು ತುಕ್ಕು ಹಿಡಿಯುವ ಬದಲು ತಾನು ಸವೆಯುವುದೇ ಅದರ ಕೆಲಸ. ಉಪ್ಪಿನಂಶ ಹೆಚ್ಚಿರುವ ನೀರಲ್ಲಿ ಬೇಗ ಸವೆದು ಹೋಗುತ್ತದೆ, ಆಮೇಲೆ ಸರದಿ ಟ್ಯಾಂಕಿನದು. ಬೋರ್ ನೀರಿನ ಮನೆಯವರು ವರ್ಷಕ್ಕೊಮ್ಮೆ ಇದನ್ನು ತೆಗೆಸಿ ನೋಡುವುದು ಒಳ್ಳೆಯದು. ಬಿಸಿನೀರು ಮಾತ್ರ ಕೆಂಪಗೆ ಬಂದರೆ ಟ್ಯಾಂಕ್ ತುಕ್ಕು ಹಿಡಿದಿದೆ. ತಣ್ಣೀರೂ ಕೆಂಪಗಿದ್ದರೆ ತಪ್ಪು ಪೈಪಿನದೋ ಬೋರಿನದೋ. ಬಹಳ ದಿನ ನಿಂತ ಬಿಸಿನೀರಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುವುದೂ ಉಂಟು. ನಿಂತ ನೀರಿನ ಬ್ಯಾಕ್ಟೀರಿಯಾಗಳು ಹುಟ್ಟಿಸುವ ಹೈಡ್ರೋಜನ್ ಸಲ್ಫೈಡ್ ಅದು. ಹಳೆ ನೀರನ್ನೆಲ್ಲ ಹರಿಯಬಿಟ್ಟು, ಹೊಸ ನೀರು ತುಂಬಿಸಿ ಚೆನ್ನಾಗಿ ಕಾಯಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಹನಿ ಬೀಳುವುದು ಎಲ್ಲಿಂದ

ನೀರು ಕಾದಾಗ ಹಿಗ್ಗುತ್ತದೆ. 15 ಲೀಟರ್ ನೀರು 25ರಿಂದ 60 ಡಿಗ್ರಿಗೆ ಏರಿದರೆ ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು ಹೆಚ್ಚಾಗುತ್ತದೆ. ಅದು ಸೇಫ್ಟಿ ವಾಲ್ವ್‌ನಿಂದ ಹನಿಯಾಗಿ ಬೀಳಬಹುದು. ಕಾಯುವಾಗ ಮಾತ್ರ ಬಿದ್ದರೆ ಚಿಂತೆಯಿಲ್ಲ. ಹಗಲೂ ರಾತ್ರಿ ಸೋರಿದರೆ ವಾಲ್ವ್ ಹಾಳಾಗಿದೆ, ಇಲ್ಲವೇ ಪ್ರೆಷರ್ ಪಂಪಿನ ಒತ್ತಡ ಜಾಸ್ತಿಯಾಗಿದೆ. ಹನಿ ಕಿರಿಕಿರಿ ಎಂದು ವಾಲ್ವ್‌ನ ಬಾಯಿಗೆ ಬಿರಡೆ ಜಡಿಸುವವರಿದ್ದಾರೆ. ಥರ್ಮೋಸ್ಟಾಟೂ ಕಟ್‌ಔಟೂ ಕೆಟ್ಟ ದಿನ ಆ ಟ್ಯಾಂಕ್ ಸಿಡಿಯಬಹುದು.

ಪೈಪ್ ಸೇರುವಲ್ಲಿ ಸೋರಿದರೆ ವಾಷರ್ ಬದಲಿಸಿದರೆ ಆಯಿತು. ತಳದ ಮುಚ್ಚಳದೊಳಗಿಂದ ಇಳಿದರೆ ಕಾಯಿಲ್ ಕೂರಿಸುವಲ್ಲಿ ನೀರು ಸೋರದಂತೆ ಹಾಕುವ ರಬ್ಬರ್ ಗ್ಯಾಸ್ಕೆಟ್ ಹೋಗಿರಬಹುದು. ಅಲ್ಲಿ ವೈರುಗಳೂ ಇರುವುದರಿಂದ ಕರೆಂಟ್ ಕಡಿದು ಮೆಕ್ಯಾನಿಕ್‌ಗೆ ಕಾಯಿರಿ. ಟ್ಯಾಂಕೇ ತೂತಾಗಿದ್ದರೆ ಹೊಸದೇ ಗತಿ.

ಗ್ಯಾಸ್ ಗೀಸರ್ ಇದ್ದವರಿಗೆ

ಗ್ಯಾಸ್ ಗೀಸರ್ ಹತ್ತದಿದ್ದರೆ ಮೊದಲು ಕೆಳಗಿನ ಚಿಕ್ಕ ಡಬ್ಬಿಯಲ್ಲಿರುವ ಎರಡು ದಪ್ಪ ಸೆಲ್‌ಗಳನ್ನು ಬದಲಿಸಿ. ಕಿಡಿ ಹುಟ್ಟುವುದು ಅವುಗಳಿಂದ. ಆಮೇಲೆ ನೀರಿನ ಒತ್ತಡ: ಸಾಕಷ್ಟು ಒತ್ತಡದಲ್ಲಿ ನೀರು ಹರಿದರೆ ಮಾತ್ರ ಒಳಗಿನ ಸ್ವಿಚ್ ಗ್ಯಾಸ್ ಬಿಡುತ್ತದೆ. ಒಂದೇ ಅಂತಸ್ತಿನ ಮನೆಯಲ್ಲಿ ಟಾಕಿ ತಗ್ಗಿನಲ್ಲಿದ್ದರೆ, ನೀರು ಅರ್ಧಕ್ಕೆ ಇಳಿದಾಗ ಅದು ಹತ್ತುವುದೇ ಇಲ್ಲ.

ಜ್ವಾಲೆ ನೀಲಿಯಿರಬೇಕು. ಹಳದಿಯಾಗಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಎದ್ದು ಬಾಗಿಲು ತೆಗೆಯುವ ಮುಂಚೆಯೇ ಪ್ರಜ್ಞೆ ತಪ್ಪಬಹುದು. ಗ್ಯಾಸ್ ಗೀಸರನ್ನು ಬಚ್ಚಲ ಒಳಗೆ ಕೂರಿಸಿದ್ದರೆ ರಿಪೇರಿಗಿಂತ ಮೊದಲು ಅದನ್ನು ಗಾಳಿಯಾಡುವ ಹೊರಜಾಗಕ್ಕೆ ಸಾಗಿಸಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಫೋನ್ ಮಾಡುವಾಗ

ಗೀಸರ್ ಮೈಮೇಲೆ ಅಂಟಿಸಿರುವ ಚೀಟಿಯ ಫೋಟೊ ತೆಗೆದುಕೊಳ್ಳಿ. ಮಾಡೆಲ್, ಸೀರಿಯಲ್ ನಂಬರ್, ವಾಟ್ ಅದರಲ್ಲಿರುತ್ತದೆ. ಕಂಪನಿಯ ನಂಬರನ್ನೂ ಆ ಚೀಟಿಯಿಂದಲೋ ವಾರಂಟಿ ಕಾರ್ಡಿನಿಂದಲೋ ತೆಗೆದುಕೊಳ್ಳಿ. ಇಂಟರ್‌ನೆಟ್‌ನಲ್ಲಿ ಹುಡುಕಿ ಮೊದಲು ಸಿಕ್ಕ ನಂಬರ್‌ಗೆ ಫೋನ್ ಮಾಡಿ, ಮುಂಗಡ ಕೊಟ್ಟು ಮೋಸಹೋಗುವವರಿದ್ದಾರೆ. ವಾರಂಟಿ ಒಂದೇ ಅಲ್ಲ: ಇಡೀ ಗೀಸರ್‌ಗೆ, ಕಾಯಿಲ್‌ಗೆ, ಒಳಗಿನ ಟ್ಯಾಂಕಿಗೆ ಬೇರೆ ಬೇರೆ ವರ್ಷ ಬರೆದಿರುತ್ತಾರೆ.

"ಕಾಯವಲ್ದು" ಎನ್ನುವುದರ ಬದಲು "ಪವರ್ ದೀಪ ಐತ್ರಿ, ಹೀಟಿಂಗ್ ದೀಪ ಇಲ್ಲ, ಟಾಕಿ ತುಂಬೈತಿ, ಬೋರಿನ ನೀರು, ಎಂಸಿಬಿ ಬಿದ್ದಿಲ್ಲ" ಎಂದು ಹೇಳಿದರೆ ಮೆಕ್ಯಾನಿಕ್ ಥರ್ಮೋಸ್ಟಾಟ್ ಚೀಲಕ್ಕೆ ಹಾಕಿಕೊಂಡೇ ಬರುತ್ತಾನೆ. ಬಂದವನು ಕಾಯಿಲ್ ಬದಲಿಸಿದರೆ ಹಳೆಯದನ್ನು ಇಲ್ಲೇ ಬಿಟ್ಟು ಹೋಗಲು ಹೇಳಿ. ಹೇಗೂ ತಳ ಬಿಚ್ಚಿರುವುದರಿಂದ ಆನೋಡ್ ಸರಳನ್ನೂ ಅದೇ ಸಲ ತೋರಿಸಿಕೊಳ್ಳಿ, ಗ್ಯಾಸ್ಕೆಟ್ ಹೊಸದು ಹಾಕಿಸಿ, ಹೋಗುವ ಮುಂಚೆ ಅರ್ಥಿಂಗ್ ಅಳೆದು ತೋರಿಸು ಎಂದು ಕೇಳಿ.